ಹಾವೇರಿ ಸೀಮೆಯಲ್ಲಿ ಗಾಂಧಿ ಸ್ಮರಣೆ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಾಲ್ಲೂಕುಗಳಲ್ಲಿ ಮಹಾತ್ಮ ಗಾಂಧಿಯವರ ನೆನಪು ಉಳಿದಿರುವುದು ಹೆಚ್ಚಾಗಿ ಅವರ ಶಿಷ್ಯರೊಬ್ಬರ ಹೆಸರಿನಲ್ಲಿ. ಊರೂರಿನ ಎಂ.ಜಿ. ರಸ್ತೆ, ಅಕ್ಟೋಬರ್ 2ರ ಭಾಷಣ, ಕಚೇರಿಯ ಗೋಡೆಯ ಪಟ ಇಲ್ಲೂ ಇವೆ. ಆದರೆ ಈ ಸೀಮೆಯ ಜನಕ್ಕೆ ಗಾಂಧೀಜಿ ಹತ್ತಿರದವರಾದದ್ದು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ಮೂಲಕ. 1997ರ ಆಗಸ್ಟ್ 24ರಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಮೂರೂ ತಾಲ್ಲೂಕುಗಳು ಧಾರವಾಡ ಜಿಲ್ಲೆಗೆ ಸೇರಿದ್ದವು. ಬ್ರಿಟಿಷರ ಕಾಲದಲ್ಲಿ ಇದು ಮುಂಬಯಿ ಪ್ರಾಂತದ ದಕ್ಷಿಣದ ಅಂಚು. ರಾಣೆಬೆನ್ನೂರು ದಾಟಿ ತುಂಗಭದ್ರೆಯ ಆಚೆ ದಡ ಮುಟ್ಟಿದರೆ ಮೈಸೂರು ಸಂಸ್ಥಾನ.

ಗಾಂಧೀಜಿಯನ್ನು ರಾಷ್ಟ್ರಪಿತನೆಂದು ಕರೆಯುವ ರೂಢಿಗೆ ಸುಭಾಷಚಂದ್ರ ಬೋಸರು 1944ರ ಜುಲೈ 6ರಂದು ಮಾಡಿದ ರೇಡಿಯೊ ಭಾಷಣವನ್ನು ಮೂಲವಾಗಿ ಹೇಳುತ್ತಾರೆ. ಕಾನೂನಿನ ಪ್ರಕಾರ ಅದು ಸರ್ಕಾರ ಕೊಟ್ಟ ಬಿರುದಲ್ಲ. ಸರ್ಕಾರ ಮಾಡಿದ್ದು ಬೇರೆ ಬಗೆಯ ಗೌರವ: 1948ರ ಆಗಸ್ಟ್ 15ರಂದು ಅಂಚೆಚೀಟಿ, 1969ರ ಜನ್ಮಶತಾಬ್ದಿಗೆ ವಿಶೇಷ ನೋಟುಗಳು, 1996ರಿಂದ ಮಹಾತ್ಮ ಗಾಂಧಿ ಸರಣಿಯ ನೋಟು, ಜನವರಿ 30ರ ಬೆಳಿಗ್ಗೆ 11 ಗಂಟೆಗೆ ಎರಡು ನಿಮಿಷದ ಮೌನ. ಜನ ತಮ್ಮದೇ ದಾರಿ ಹಿಡಿದದ್ದೂ ಉಂಟು. ಮಂಗಳೂರಿನ ಕಂಕನಾಡಿ ಗರೋಡಿಯಲ್ಲಿ 1948ರಿಂದ ಗಾಂಧಿ ಮೂರ್ತಿಗೆ ಪೂಜೆ ನಡೆಯುತ್ತಿದೆ. ಹಾವೇರಿ ಸೀಮೆ ಗಾಂಧಿಯನ್ನು ದೇವರನ್ನಾಗಿ ಮಾಡಿಕೊಳ್ಳಲಿಲ್ಲ.

ಹರಿಜನ ಪ್ರವಾಸದ ಕಾಲದಲ್ಲಿ, 1934ರಲ್ಲಿ, ಗಾಂಧೀಜಿ ಈ ದಾರಿಯಲ್ಲಿ ಬಂದರು. 1933ರ ನವೆಂಬರಿನಲ್ಲಿ ವಾರ್ಧಾದಿಂದ ಹೊರಟು ಸುಮಾರು ಒಂಬತ್ತು ತಿಂಗಳು, 12,500 ಮೈಲಿ ಸುತ್ತಿ, ಅಸ್ಪೃಶ್ಯತಾ ನಿವಾರಣೆಗಾಗಿ 8 ಲಕ್ಷ ರೂಪಾಯಿಯಷ್ಟು ನಿಧಿ ಕೂಡಿಸಿದ ಪ್ರವಾಸ ಅದು. ಸಭೆಗಳಲ್ಲಿ ಹೆಂಗಸರು ಮೈಮೇಲಿನ ಬಂಗಾರ ಬಿಚ್ಚಿ ಕೊಡುತ್ತಿದ್ದರು.

ಆದರೆ ಗಾಂಧೀಜಿಯ ಸಾಬರಮತಿ ಆಶ್ರಮದ ಜೊತೆ ಈ ಸೀಮೆಯ ನಂಟು ಅದಕ್ಕೂ ಮೊದಲಿನದು. 1911ರಲ್ಲಿ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ ಹುಟ್ಟಿದ ಮಹಾದೇವಪ್ಪ, ಓದು ಬಿಟ್ಟು ಖಾದಿಯ ಬೆನ್ನು ಹತ್ತಿ ಆ ಆಶ್ರಮ ಸೇರಿದ್ದರು. 1930ರ ಮಾರ್ಚ್ 12ರಂದು ಗಾಂಧೀಜಿ ಉಪ್ಪಿನ ಸತ್ಯಾಗ್ರಹಕ್ಕಾಗಿ ದಂಡಿಗೆ ಹೊರಟಾಗ ಜೊತೆಗೆ ಆಯ್ದುಕೊಂಡ 78 ಮಂದಿಯಲ್ಲಿ ಈ ಹದಿನೆಂಟರ ಹುಡುಗನೂ ಇದ್ದ. ಕರ್ನಾಟಕದಿಂದ ಹೋದವನು ಅವನೊಬ್ಬನೇ. ಯಾತ್ರಿಕರ ಪಟ್ಟಿಯಲ್ಲಿ ಅವನ ಹೆಸರು ‘ಮಹಾದೇವ ಮಾರ್ತಾಂಡ’. ಗುಜರಾತಿನ ಪದ್ಧತಿಯಂತೆ ತಂದೆ ಮಾರ್ತಂಡಪ್ಪನವರ ಹೆಸರು ಬಾಲಕ್ಕೆ ಅಂಟಿಕೊಂಡು, ಮೈಲಾರ ಎಂಬ ಮನೆತನದ ಹೆಸರೇ ಬಿದ್ದುಹೋಗಿದೆ. ಬರೀ ಆ ಪಟ್ಟಿ ನೋಡಿದವರಿಗೆ ಇವರು ನಮ್ಮ ಕಡೆಯವರೆಂದು ಗುರುತು ಸಿಗುವುದು ಕಷ್ಟ.

ಪತ್ನಿ ಸಿದ್ದಮ್ಮನವರೂ ಸಾಬರಮತಿಗೆ ಹೋದರು, ಸೆರೆಮನೆಯನ್ನೂ ಕಂಡರು. ಊರಿಗೆ ಮರಳಿದ ದಂಪತಿ ಹಾವೇರಿ ತಾಲ್ಲೂಕಿನ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ ನೂಲು, ನೇಯ್ಗೆ, ಗ್ರಾಮ ನೈರ್ಮಲ್ಯಗಳಲ್ಲಿ ತೊಡಗಿದರು. 1942ರ ‘ಭಾರತ ಬಿಟ್ಟು ತೊಲಗಿ’ ಚಳವಳಿ ಆ ಬದುಕನ್ನು ಬೇರೆ ಕಡೆಗೆ ತಿರುಗಿಸಿತು. ಮಹಾದೇವಪ್ಪನವರ ತಂಡ ಸರ್ಕಾರದ ಆಡಳಿತವನ್ನೇ ಸ್ಥಗಿತಗೊಳಿಸುವ ಕೆಲಸಕ್ಕಿಳಿಯಿತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ವೀರಭದ್ರ ದೇವರ ಗುಡಿಯಲ್ಲಿ ಇರಿಸಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರು ಗುಂಡು ಹಾರಿಸಿದರು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಪ್ರಾಣ ಬಿಟ್ಟರು. ಉಪ್ಪಿನ ಸತ್ಯಾಗ್ರಹಿ ಖಜಾನೆಗೆ ಕೈಹಾಕಿದ್ದು ಗಾಂಧಿ ಮಾರ್ಗಕ್ಕೆ ಎಷ್ಟು ಒಪ್ಪುತ್ತದೆ? ಸ್ಮರಣೆಯ ಭಾಷಣಗಳು ಈ ಪ್ರಶ್ನೆಯ ಹತ್ತಿರ ಸುಳಿಯುವುದು ಕಡಿಮೆ. ಮಹಾದೇವಪ್ಪನವರ ಬದುಕು ಕುತೂಹಲ ಹುಟ್ಟಿಸುವುದು ಮಾತ್ರ ಅಲ್ಲಿಯೇ.

ಹಾವೇರಿಯಲ್ಲಿ ಅವರ ನೆನಪಿಗೆ ವೀರಸೌಧ ಎದ್ದಿತು. 2018ರಲ್ಲಿ ಅಂಚೆ ಇಲಾಖೆ ಅಂಚೆಚೀಟಿ ತಂದಿತು. 2019ರ ಜನವರಿ 30ರಂದು ಉದ್ಘಾಟನೆಯಾದ ದಂಡಿಯ ರಾಷ್ಟ್ರೀಯ ಉಪ್ಪಿನ ಸತ್ಯಾಗ್ರಹ ಸ್ಮಾರಕದಲ್ಲಿ ಯಾತ್ರಿಕರ ಕಂಚಿನ ಪ್ರತಿಮೆಗಳ ಸಾಲಿನಲ್ಲಿ ಅವರಿಗೂ ಜಾಗ ಸಿಕ್ಕಿದೆ. ಹಾವೇರಿಯ ರೈಲು ನಿಲ್ದಾಣಕ್ಕೆ ‘ಶ್ರೀ ಮಹಾದೇವಪ್ಪ ಮೈಲಾರ’ ಎಂದು ಹೆಸರಿಟ್ಟಿದ್ದಾರೆ. ರೈಲ್ವೆಯ ದಾಖಲೆಯಲ್ಲಿ ಮಾತ್ರ ಅದು ‘ಎಸ್‌ಎಂಎಂ ಹಾವೇರಿ’ ಎಂದು ಮೊಟಕಾಗಿದೆ. ದಂಡಿಯ ಪಟ್ಟಿಯಲ್ಲಿ ಮೈಲಾರ ಬಿದ್ದುಹೋಗಿದ್ದರೆ, ಇಲ್ಲಿ ಇಡೀ ಹೆಸರೇ ಮೂರಕ್ಷರವಾಗಿದೆ. ಪರವೂರಿನ ಪ್ರಯಾಣಿಕರಿಗೆ ಇದು ಯಾರ ಹೆಸರೆಂದು ತಿಳಿಯುವ ದಾರಿಯಿಲ್ಲ.

ಪ್ರತಿಮೆಗಳ ಬಗ್ಗೆ ಗಾಂಧೀಜಿಗೇ ಒಲವಿರಲಿಲ್ಲ. ಮುಂಬಯಿಯಲ್ಲಿ ಹತ್ತು ಲಕ್ಷ ರೂಪಾಯಿ ಖರ್ಚು ಮಾಡಿ ತಮ್ಮ ಮೂರ್ತಿ ನಿಲ್ಲಿಸುವ ಯೋಚನೆಯನ್ನು ಅವರು 1947ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ವಿರೋಧಿಸಿದ್ದರು. ಆ ಮಾತಿಗೆ ಹೆಚ್ಚು ಹೊಂದುವ ಸ್ಮಾರಕ ಇರುವುದು ಗೋಲಿಬಾರ್ ನಡೆದ ಹೊಸರಿತ್ತಿಯಲ್ಲೇ. ಅದೇ ಊರಿನವರಾದ ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿ (1906–1972) ಅವರ ನೆನಪಿನೊಂದಿಗೆ ಬೆಸೆದುಕೊಂಡಿರುವ ಗಾಂಧಿ ಗ್ರಾಮೀಣ ಗುರುಕುಲ ಅಲ್ಲಿದೆ. ವಸತಿ ಶಾಲೆಯ ಹುಡುಗರು ಖಾದಿ ತೊಡುತ್ತಾರೆ, ಪಾಠದ ಜೊತೆಗೆ ಹೊಲದ ಕೆಲಸ ಮಾಡುತ್ತಾರೆ, ದನಗಳ ಆರೈಕೆಯನ್ನೂ ನೋಡಿಕೊಳ್ಳುತ್ತಾರೆ.