ಯಾದಗಿರಿ ಜಿಲ್ಲೆ: ಜೀವನವೆಚ್ಚ, ದುಡಿಮೆ ಮತ್ತು ಬಯಲು

ಕೃಷ್ಣೆ ಮತ್ತು ಭೀಮೆ ಹರಿಯುವ ಈಶಾನ್ಯ ಕರ್ನಾಟಕದ ಜಿಲ್ಲೆ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳನ್ನು ಗುಲ್ಬರ್ಗ (ಈಗಿನ ಕಲಬುರಗಿ) ಜಿಲ್ಲೆಯಿಂದ ಬೇರ್ಪಡಿಸಿ 2009ರ ಡಿಸೆಂಬರ್ 30ರಂದು ಇದನ್ನು ರಚಿಸಲಾಯಿತು. ಗುರುಮಠಕಲ್, ವಡಗೇರಾ, ಹುಣಸಗಿ ಆಮೇಲಿನ ತಾಲ್ಲೂಕುಗಳು. 2011ರ ಜನಗಣತಿಯಂತೆ ಜನಸಂಖ್ಯೆ 11.74 ಲಕ್ಷ, ಹತ್ತರಲ್ಲಿ ಎಂಟು ಮಂದಿ ಹಳ್ಳಿಯವರು. ಇಲ್ಲಿ ಮನೆ ಬಾಡಿಗೆ, ಕಾಯಿಪಲ್ಲೆ ಬೆಂಗಳೂರಿಗಿಂತ ಅಗ್ಗ ನಿಜ. ಆದರೆ ಬದುಕು ಅಗ್ಗವೋ ತುಟ್ಟಿಯೋ ಎಂಬುದು ಸಂತೆಯ ದರದಿಂದ ತೀರ್ಮಾನವಾಗುವುದಿಲ್ಲ. ವರ್ಷದಲ್ಲಿ ಎಷ್ಟು ತಿಂಗಳು ಊರಲ್ಲೇ ಕೂಲಿ ಸಿಗುತ್ತದೆ ಎಂಬುದರ ಮೇಲೆ ಅದು ನಿಂತಿದೆ.

ಈ ಲೆಕ್ಕದ ಹಿಂದೆ ಇತಿಹಾಸವೂ ಇದೆ. ಸುರಪುರದ ನಾಯಕ ಅರಸರ ಆಳ್ವಿಕೆ ರಾಜಾ ವೆಂಕಟಪ್ಪ ನಾಯಕರ 1858ರ ಬ್ರಿಟಿಷ್ ವಿರೋಧಿ ಹೋರಾಟದೊಂದಿಗೆ ಕೊನೆಗೊಂಡಿತು. ಸಂಸ್ಥಾನ 1860ರಲ್ಲಿ ನಿಜಾಮರ ಪಾಲಾಯಿತು. ಅದಕ್ಕೂ ಮೊದಲು ಇಲ್ಲಿ ಆಡಳಿತ ನೋಡಿಕೊಂಡಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಮನೆ 'ಟೇಲರ್ ಮಂಜಿಲ್' ಈಗಲೂ ಇದೆ. ಮುಂಬೈ–ಮದ್ರಾಸ್ ರೈಲುಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಕೂಡಿದ ಮೇಲೆ, ಆ ಹಾದಿಯಲ್ಲಿದ್ದ ಯಾದಗಿರಿ ವ್ಯಾಪಾರದ ಊರಾಗಿ ಬೆಳೆಯಿತು. ಶಹಾಪುರ, ಸುರಪುರಗಳಿಗೆ ರೈಲು ಬರಲಿಲ್ಲ.

ಎರೆಹೊಲದಲ್ಲಿ ಬಿಳಿಜೋಳ, ತೊಗರಿ, ಹತ್ತಿ, ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ಶೇಂಗಾ. ಬಹುಕಾಲದಿಂದ ನಡೆದು ಬಂದ ಈ ಮಳೆಯಾಶ್ರಿತ ಲೆಕ್ಕವನ್ನು ಬದಲಿಸಿದ್ದು ಕೃಷ್ಣಾ ಮೇಲ್ದಂಡೆ ಯೋಜನೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. 1982ರಲ್ಲಿ ನಾರಾಯಣಪುರ ಜಲಾಶಯ ಆರಂಭವಾಯಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳ ಹೊಲ ಮುಟ್ಟಿತು. ಜೋಳದ ನೆಲದಲ್ಲಿ ಭತ್ತದ ಗದ್ದೆ ಎದ್ದವು. ಆಂಧ್ರದಿಂದ ಬಂದ ರೈತರು ಜಮೀನು ಕೊಂಡು ಬೀಡುಬಿಟ್ಟ ಜಾಗಗಳಿಗೆ 'ಕ್ಯಾಂಪ್' ಎಂದೇ ಹೆಸರಾಯಿತು. ಕಾಲುವೆ ಬದಿಯ ಎಕರೆಯ ಬೆಲೆಗೂ ಒಣಭೂಮಿಯ ಬೆಲೆಗೂ ಆಗಿನಿಂದ ಹೋಲಿಕೆಯೇ ಇಲ್ಲ. ನೀರು ಬಿಡುವುದು 'ಚಾಲು–ಬಂದ್' ಪದ್ಧತಿಯಲ್ಲಿ: ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುತ್ತಾರೆ. ಕಾಲುವೆಯ ಕೊನೆಯಂಚಿನ ರೈತ ಚಾಲು ದಿನದ ರಾತ್ರಿ ಸಲಿಕೆ, ಬ್ಯಾಟರಿ ಹಿಡಿದು ಹೊಲದಲ್ಲೇ ಕಾಯಬೇಕು. ಮೇಲಿನವರು ತೂಬು ಮುಚ್ಚದಿದ್ದರೆ ಅವನ ಪಾಲಿನ ನೀರು ಬರುವುದಿಲ್ಲ.

ನೀರಿಲ್ಲದ ಹಳ್ಳಿಗಳಲ್ಲಿ ಸುಗ್ಗಿ ಮುಗಿಯುತ್ತಲೇ ಗುಳೆ ಶುರುವಾಗುತ್ತದೆ. ಜೋಳದ ಚೀಲ, ಪಾತ್ರೆ, ಹಾಸಿಗೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಮನೆ ಕಾಯಲು ಮುದುಕರು ಉಳಿಯುತ್ತಾರೆ. ಜೊತೆಗೆ ಹೋದ ಮಕ್ಕಳ ಶಾಲೆ ಅರ್ಧಕ್ಕೇ ನಿಲ್ಲುತ್ತದೆ. 2011ರಲ್ಲಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಅತಿ ಕಡಿಮೆ. ಈ ನಷ್ಟ ಯಾವ ಬೆಲೆಸೂಚ್ಯಂಕದಲ್ಲೂ ಕಾಣುವುದಿಲ್ಲ, ಆದರೂ ಇಲ್ಲಿನ ಸಂಸಾರಗಳು ತೆರುವ ದೊಡ್ಡ ಖರ್ಚು ಇದೇ. ದೊಡ್ಡ ಕಾಯಿಲೆ ಬಂದರೆ ಕಲಬುರಗಿ, ರಾಯಚೂರಿಗೆ ಓಡಬೇಕಾದ ಖರ್ಚು ಬೇರೆ. ಕಡೇಚೂರಿನ ಕೈಗಾರಿಕಾ ಪ್ರದೇಶ, ಅಲ್ಲಿನ ರೈಲ್ವೆ ಬೋಗಿ ಕಾರ್ಖಾನೆ, 2013ರಿಂದ ಜಾರಿಯಲ್ಲಿರುವ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಓದಿದವರಿಗೆ ಒಂದಿಷ್ಟು ದಾರಿ ತೆರೆದಿವೆ. ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಕೂಲಿಗೆ ಮಾತ್ರ ಇವು ಸಂಬಂಧಿಸಿದವಲ್ಲ.

ಕೂಲಿಗೆ ಬರವಿದ್ದರೂ ಇಲ್ಲಿನ ಬಯಲಿನ ಸಂಪತ್ತು ದೊಡ್ಡದು. ಹುಣಸಗಿ ಬಳಿಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ನೆಲೆ ಸಿಕ್ಕಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಉತ್ಖನನ ನಡೆಸಿದ ಈ ತಾಣ ಹತ್ತು ಲಕ್ಷ ವರ್ಷಕ್ಕೂ ಹಳೆಯದೆಂಬ ಅಂದಾಜಿದೆ. ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಸಮೀಪದ ಗೋಗಿಯಲ್ಲಿ ವಿಜಯಪುರದ ಮೊದಲ ಆದಿಲ್‌ಶಾಹಿ ಸುಲ್ತಾನರ ಗೋರಿಗಳಿವೆ. ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ತಿಂಥಣಿ ಮೌನೇಶ್ವರ ಮತ್ತು ಸಂಕ್ರಾಂತಿಯ ಮೈಲಾಪುರ ಜಾತ್ರೆಗಳಿಗೆ ಜನಸಾಗರವೇ ಸೇರುತ್ತದೆ. ಸಣ್ಣ ವ್ಯಾಪಾರಿಗಳ ಕೈಗೆ ಕಾಸು ಬರುವುದು ಆಗ. ತಿರುಗಾಟಕ್ಕೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ.