ಬೆಳೆಯುತ್ತಿರುವ ಕಂಪೈಲರ್: ಕಟ್ಟುವ ಬಗೆ, ಒರೆಗೆ ಹಚ್ಚುವ ಬಗೆ

ಸಿ ಮುಂತಾದ ಭಾಷೆಗಳಲ್ಲಿ ಬರೆದದ್ದನ್ನು ಪ್ರೊಸೆಸರ್ ನಡೆಸಬಲ್ಲ ಸೂಚನೆಗಳಾಗಿ ಮಾರ್ಪಡಿಸುವ ತಂತ್ರಾಂಶವೇ ಕಂಪೈಲರ್. ಸಂತೆಯಲ್ಲಿ ತಕ್ಕಡಿಯೇ ಕೆಟ್ಟಿದ್ದರೆ ತೊಗರಿ, ಕಡಲೆ, ಉದ್ದು ಎಲ್ಲದರ ತೂಕವೂ ತಪ್ಪುತ್ತದೆ. ಕಂಪೈಲರ್‌ನ ದೋಷವೂ ಹಾಗೆಯೇ: ಅದರ ಕೈದಾಟಿ ಬಂದ ಸರಿಯಾದ ಪ್ರೋಗ್ರಾಂ ಕೂಡ ಕೆಡಬಹುದು. ಆದ್ದರಿಂದಲೇ ಬಿಡುಗಡೆಗೆ ಮುನ್ನ ನಡೆಯುವ ಪರೀಕ್ಷೆಗೆ ಅಷ್ಟು ಮಹತ್ವ.

## ಅಭಿವೃದ್ಧಿ ಆವೃತ್ತಿ

ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೊರತಂದ ಜಿಸಿಸಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಕ್ರಮ್ ಆಡ್ವೆ ಮತ್ತು ಕ್ರಿಸ್ ಲ್ಯಾಟ್ನರ್ 2000ದಲ್ಲಿ ಆರಂಭಿಸಿದ ಎಲ್‌ಎಲ್‌ವಿಎಂ, ಈ ಎರಡೂ ಕಂಪೈಲರ್ ಯೋಜನೆಗಳ ಸೋರ್ಸ್ ಕೋಡ್ ಎಲ್ಲರಿಗೂ ಮುಕ್ತ. ಇನ್ನೂ ಕೆಲಸ ನಡೆಯುತ್ತಿರುವ ಪ್ರತಿಯನ್ನೂ ಯಾರು ಬೇಕಾದರೂ ಪಡೆಯಬಹುದು. ಜಿಸಿಸಿಯಲ್ಲಿ ಇದು ಸಂಖ್ಯೆಯಿಂದಲೇ ತಿಳಿಯುತ್ತದೆ: 14.0 ಎಂದರೆ ಅಭಿವೃದ್ಧಿಯಲ್ಲಿರುವುದು, 14.1 ಎಂದರೆ ಆ ಸಾಲಿನ ಮೊದಲ ಬಿಡುಗಡೆ.

## ಬೆಂಗಳೂರಿನ ಪ್ಲೂಟೊ

ಕರ್ನಾಟಕದಲ್ಲಿ ಈ ವಿದ್ಯೆಗೆ ಗಟ್ಟಿ ನೆಲೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಪ್ರಕಟವಾಯಿತು. ಅದೇ ಸಂಸ್ಥೆಯ ಉದಯ್ ಬೊಂಡುಗುಲ ಅವರು ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವಾಗ ರೂಪಿಸಿದ್ದು ಪ್ಲೂಟೊ ಎಂಬ ಕಂಪೈಲರ್. ಅದರ ಪ್ರಮುಖ ಪ್ರಬಂಧ ಬಂದದ್ದು 2008ರಲ್ಲಿ. ಸಿ ಪ್ರೋಗ್ರಾಂನ ಲೂಪ್‌ಗಳಲ್ಲಿ ಯಾವ ಲೆಕ್ಕ ಯಾವುದನ್ನು ಅವಲಂಬಿಸಿದೆ ಎಂದು ಪ್ಲೂಟೊ ಗುರುತಿಸುತ್ತದೆ. ಬಳಿಕ ಹಲವು ಕೋರ್‌ಗಳಲ್ಲಿ ಒಟ್ಟಿಗೆ ನಡೆಯುವಂತೆ ಅವುಗಳ ಕ್ರಮವನ್ನು ಬದಲಿಸಿ ಮತ್ತೆ ಸಿ ಭಾಷೆಯಲ್ಲೇ ಬರೆದುಕೊಡುತ್ತದೆ. ಒಂದೇ ಒಂದು ಅವಲಂಬನೆ ಕಣ್ತಪ್ಪಿದರೂ ಉತ್ತರ ತಪ್ಪಬಹುದು. ಹಾಗಾಗಿ ಮೂಲ ಪ್ರೋಗ್ರಾಂ, ಬದಲಾದ ಪ್ರೋಗ್ರಾಂ ಎರಡನ್ನೂ ಓಡಿಸಿ ಫಲಿತಾಂಶಗಳನ್ನು ಹೋಲಿಸುವುದು ಇಂಥ ಕಂಪೈಲರ್‌ನ ಮೂಲಭೂತ ಪರೀಕ್ಷೆ.

## ಕಟ್ಟುವ ಕ್ರಮ

ಅಭಿವೃದ್ಧಿ ಆವೃತ್ತಿಯನ್ನು ಕಟ್ಟಲು ಮೊದಲು ಗಿಟ್ ಮೂಲಕ ಅದರ ಸೋರ್ಸ್ ಕೋಡ್ ಇಳಿಸಿಕೊಳ್ಳಬೇಕು. ಬಿಲ್ಡ್ ಮಾಡಲು ಬೇರೆಯೇ ಫೋಲ್ಡರ್ ಇರಲಿ. ಸಿದ್ಧವಾದ ಕಂಪೈಲರ್ ಅನ್ನು ಸಿಸ್ಟಂನ ಕಂಪೈಲರ್ ಮೇಲೆ ಹಾಕದೆ ಪ್ರತ್ಯೇಕ ಜಾಗದಲ್ಲಿ ಇನ್‌ಸ್ಟಾಲ್ ಮಾಡುವುದು ಕ್ಷೇಮ. ಹೊಸದು ಕೆಟ್ಟರೂ ಹಳೆಯದು ಕೈಗೆ ಸಿಗುತ್ತದೆ.

ಜಿಸಿಸಿ ತನ್ನನ್ನು ತಾನೇ ಮೂರು ಹಂತಗಳಲ್ಲಿ ಕಟ್ಟಿಕೊಳ್ಳುತ್ತದೆ. ಹಳೆಯ ಕಂಪೈಲರ್ ಮೊದಲನೆಯದನ್ನು, ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು ರಚಿಸುತ್ತದೆ. ಕೊನೆಯ ಎರಡೂ ಒಂದೇ ಸೋರ್ಸ್ ಕೋಡ್‌ನಿಂದ ಹುಟ್ಟಿದವು. ಅವುಗಳ ಫೈಲ್‌ಗಳು ಹೊಂದದಿದ್ದರೆ ದೋಷ ಇದೆಯೆಂದೇ ಅರ್ಥ.

## ಪರೀಕ್ಷೆ

ಕಂಪೈಲರ್ ಜೊತೆಗೇ ಸಾವಿರಾರು ಚಿಕ್ಕ ಪರೀಕ್ಷಾ ಪ್ರೋಗ್ರಾಂಗಳು ಬರುತ್ತವೆ. ಜಿಸಿಸಿಯಲ್ಲಿ ‘ಮೇಕ್ ಚೆಕ್’ ಆದೇಶ ಅವೆಲ್ಲವನ್ನೂ ನಡೆಸಿ ಪಾಸು, ಫೇಲು, ನಿರೀಕ್ಷಿತ ಫೇಲು ಎಂದು ವಿಂಗಡಿಸುತ್ತದೆ. ಅಭಿವೃದ್ಧಿ ಆವೃತ್ತಿಯಲ್ಲಿ ಕೆಲವು ಫೇಲುಗಳು ಸಹಜ. ಆದ್ದರಿಂದ ಬದಲಾವಣೆಗೆ ಮೊದಲೊಮ್ಮೆ, ನಂತರ ಇನ್ನೊಮ್ಮೆ ಪರೀಕ್ಷಿಸಿ ಹೊಸದಾಗಿ ಕಂಡ ಫೇಲುಗಳನ್ನೇ ಹುಡುಕಬೇಕು.

ಕೆಲಸದ ನಡುವೆ ಕಂಪೈಲರ್ ನಿಂತುಹೋದರೆ ದೋಷ ಕಣ್ಣಿಗೆ ಬೀಳುತ್ತದೆ. ಸದ್ದಿಲ್ಲದೆ ತಪ್ಪು ಸೂಚನೆ ಬರೆದರೆ ಅದೇ ಹೆಚ್ಚು ಅಪಾಯ. ಯೂಟಾ ವಿಶ್ವವಿದ್ಯಾಲಯದ ಸಿಸ್ಮಿತ್ ಎಂಬ ಸಾಧನ ಯಾದೃಚ್ಛಿಕ ಸಿ ಪ್ರೋಗ್ರಾಂಗಳನ್ನು ಹುಟ್ಟಿಸುತ್ತದೆ. ಅವುಗಳನ್ನು ಹಲವು ಕಂಪೈಲರ್‌ಗಳಿಗೆ ಕೊಟ್ಟು ಉತ್ತರಗಳನ್ನು ಹೋಲಿಸಲಾಗುತ್ತದೆ. 2011ರ ಪ್ರಬಂಧದ ಪ್ರಕಾರ ಹೀಗೆ 325ಕ್ಕೂ ಹೆಚ್ಚು ದೋಷಗಳು ಪತ್ತೆಯಾದವು.

## ದೋಷ ವರದಿ

ಒಳ್ಳೆಯ ವರದಿಯಲ್ಲಿ ಆವೃತ್ತಿ, ಕೊಟ್ಟ ಆದೇಶ, ನಿರೀಕ್ಷಿಸಿದ ಉತ್ತರ, ಬಂದ ಉತ್ತರ ಇರಬೇಕು. ದೊಡ್ಡ ಪ್ರೋಗ್ರಾಂನಿಂದ ಒಂದೊಂದೇ ಸಾಲು ತೆಗೆಯುತ್ತ, ದೋಷ ಉಳಿಯುವಷ್ಟನ್ನೇ ಉಳಿಸಬೇಕು. ಇದಕ್ಕೆ ದುಬಾರಿ ಯಂತ್ರಕ್ಕಿಂತ ತಾಳ್ಮೆ ಮುಖ್ಯ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪ್ರಯೋಗಾಲಯದಲ್ಲಿ ಕಂಪೈಲರ್ ಕಟ್ಟಲು ನೆರವಾಗುವ ಲೆಕ್ಸ್, ಯಾಕ್ ಸಾಧನಗಳನ್ನು ಕಲಿತ ವಿದ್ಯಾರ್ಥಿಗೆ ಅಗತ್ಯವಾದ ತಳಹದಿ ಆಗಲೇ ಸಿಕ್ಕಿರುತ್ತದೆ. ಆ ವಿದ್ಯಾರ್ಥಿ ಮನೆಯಲ್ಲಿ ಕುಳಿತು ಹತ್ತು ಸಾಲಿಗೆ ಇಳಿಸಿದ ಪ್ರೋಗ್ರಾಂ, ದೋಷ ಸರಿಯಾದ ಬಳಿಕ ಪರೀಕ್ಷಾ ಸಂಗ್ರಹಕ್ಕೆ ಸೇರಬಹುದು. ಆಮೇಲೆ ಬರುವ ಆವೃತ್ತಿಗಳೆಲ್ಲ ಆ ಹತ್ತು ಸಾಲುಗಳಿಗೂ ಸರಿಯುತ್ತರ ಕೊಟ್ಟೇ ಮುಂದೆ ಸಾಗಬೇಕು.