ನಮ್ಮ ಸೀಮೆಯ ಕಾಲೇಜುಗಳಿಗೆ ಮುಕ್ತ ತಂತ್ರಾಂಶ ಬಂದ ಬಗೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಮಂಡ್ಯ, ಮದ್ದೂರು, ಮಳವಳ್ಳಿಗಳ ಕಾಲೇಜುಗಳಲ್ಲಿ ಗಣಕವಿಜ್ಞಾನ ಬೋಧಿಸುತ್ತಿದ್ದಾರೆ. ಮುಕ್ತ ತಂತ್ರಾಂಶದ ಪಾಠ ನಮ್ಮ ಸೀಮೆಗೆ ಬಂದ ಬಗೆಯನ್ನು ಬರೆದಿಡಿ ಎಂದು ಅವರಲ್ಲೊಬ್ಬರು ಕೇಳಿದರು. ಗಣಕ ನನ್ನ ವಿಷಯವಲ್ಲ. ನಾನು ಸಮಾಜವಿಜ್ಞಾನದ ಮೇಷ್ಟ್ರು. ಆದರೆ ಇತಿಹಾಸವೆಂದ ಮೇಲೆ ಹಿಂಜರಿಯುವುದು ಹೇಗೆ?

ಮುಕ್ತ ತಂತ್ರಾಂಶವೆಂದರೆ ಪುಕ್ಕಟೆ ತಂತ್ರಾಂಶವೆಂದು ಬಹುಮಂದಿ ತಿಳಿದಿದ್ದಾರೆ. ಬೆಲೆ ಇಲ್ಲಿ ಎರಡನೆಯ ಮಾತು. ತಂತ್ರಾಂಶದ ಆಕರ ಸಂಕೇತವನ್ನು, ಅಂದರೆ ಅದನ್ನು ಬರೆದ ಮೂಲ ಸಾಲುಗಳನ್ನು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್‌ನ ತಿರುಳನ್ನು ಹೊರತಂದರು. ‘ಓಪನ್ ಸೋರ್ಸ್’ ಎಂಬ ಹೆಸರು 1998ರದು.

ನಮ್ಮ ಜಿಲ್ಲೆಗೆ ಇದು ಬಂದದ್ದು ತಾಂತ್ರಿಕ ಶಿಕ್ಷಣದ ದಾರಿಯಿಂದ. ‘ನಿತ್ಯಸಚಿವ’ ಕೆ.ವಿ. ಶಂಕರಗೌಡರು 1962ರಲ್ಲಿ ಮಂಡ್ಯದಲ್ಲಿ ಸ್ಥಾಪಿಸಿದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ನಿಮಗೆಲ್ಲ ಗೊತ್ತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಬಳಿಕ ಗಣಕವಿಜ್ಞಾನದ ಪಠ್ಯಕ್ರಮದಲ್ಲಿ ಯುನಿಕ್ಸ್ ಮತ್ತು ಶೆಲ್ ಪ್ರೋಗ್ರಾಮಿಂಗ್ ಒಂದು ವಿಷಯವಾಗಿತ್ತು. ದುಬಾರಿ ಯುನಿಕ್ಸ್ ಯಂತ್ರಗಳ ಬದಲು ಸಾಧಾರಣ ಗಣಕಕ್ಕೆ ಲಿನಕ್ಸ್ ಹಾಕಿದರೆ ಪಾಠ ಸಾಗುತ್ತಿತ್ತು. ಹೀಗೆ ‘ಮುಕ್ತ ತಂತ್ರಾಂಶ’ವೆಂಬ ಹೆಸರಿಲ್ಲದೆಯೇ ಅದು ಪ್ರಯೋಗಾಲಯವನ್ನು ಪ್ರವೇಶಿಸಿತು.

ಬಿ.ಎ., ಬಿ.ಕಾಂ. ಓದುವ ಮಕ್ಕಳ ಕಥೆಯೇ ಬೇರೆ. ಗಣಕ ಶಿಕ್ಷಣವೆಂದರೆ ಒಂದೇ ಕಂಪನಿಯ ಪದಸಂಸ್ಕರಣೆ ಮತ್ತು ಲೆಕ್ಕಪತ್ರ ತಂತ್ರಾಂಶಗಳಲ್ಲಿ ಯಾವ ಗುಂಡಿ ಎಲ್ಲಿದೆ ಎಂಬುದನ್ನು ಬಾಯಿಪಾಠ ಮಾಡುವುದಾಗಿತ್ತು. ಆ ತಂತ್ರಾಂಶದ ಪರವಾನಗಿಯನ್ನು ಕೊಳ್ಳುವಷ್ಟು ಹಣ ಕಬ್ಬು ಬೆಳೆಯುವ ಮನೆಯಲ್ಲಿ ಎಲ್ಲಿಯದು? ಕಲಿತದ್ದನ್ನು ಮನೆಯಲ್ಲಿ ಅಭ್ಯಾಸ ಮಾಡಬೇಕೆಂದರೆ ಕಳ್ಳಪ್ರತಿಯೇ ಗತಿ. ನಾಗರಿಕ ಕರ್ತವ್ಯಗಳ ಪಾಠ ಹೇಳಿದ ನನಗೆ ಇದು ಚುಚ್ಚುತ್ತಿತ್ತು.

ಹಾಗಾದರೆ ಈ ಕಾಲೇಜುಗಳು ಲಿನಕ್ಸ್‌ಗೆ ಏಕೆ ತಿರುಗಲಿಲ್ಲ? ಎಲ್ಲರೂ ಬೋಧಕರ ಉದಾಸೀನವನ್ನು ದೂರುತ್ತಾರೆ. ನನಗೆ ಕಾಣುವ ಮುಖ್ಯ ಕಾರಣ ಕನ್ನಡವೇ! ಶೇಷಾದ್ರಿವಾಸು ಅವರ ‘ಬರಹ’ವಾಗಲಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಾಗಲಿ ವಿಂಡೋಸ್‌ಗೆಂದೇ ರಚಿತವಾದವು. ಅವು ಕನ್ನಡಿಗರಿಗೆ ಮಾಡಿದ ಉಪಕಾರವನ್ನು ಮರೆಯಲಾಗದು. ಆದರೆ ಅಂದಿನ ಕಡತಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತಿದ್ದವು. ಅದೇ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಕಚೇರಿಯ ಸುತ್ತೋಲೆ, ಪ್ರಶ್ನೆಪತ್ರಿಕೆ ಎಲ್ಲವೂ ನುಡಿಯಲ್ಲಿರುವಾಗ ಯಾವ ಪ್ರಾಂಶುಪಾಲರು ತಾನೆ ಲಿನಕ್ಸ್‌ಗೆ ಒಪ್ಪಿಯಾರು?

ಈ ಗಂಟನ್ನು ಸಡಿಲಿಸಿದ್ದು ಯೂನಿಕೋಡ್. ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆ ನಿಗದಿಯಾದ ಮೇಲೆ ಗಣಕ ಯಾವುದಾದರೇನು! ರಾಜ್ಯ ಸರ್ಕಾರ 2012ರಲ್ಲಿ ಅದನ್ನು ಒಪ್ಪಿತು. ನಾಡೋಜ ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿಯೂ ದೊರೆಯುತ್ತದೆ.

ಶಾಲೆಗಳು ಈ ವಿಷಯದಲ್ಲಿ ಕಾಲೇಜುಗಳಿಗಿಂತ ಮುಂದಿದ್ದವೆಂದು ಹೇಳಿದರೆ ಸ್ವಜನಪಕ್ಷಪಾತವೆನ್ನಬೇಡಿ. ಕೇರಳವು 2000ರ ದಶಕದಲ್ಲಿಯೇ ಶಾಲೆಗಳಿಗೆ ಲಿನಕ್ಸ್ ತಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದರ ಪಠ್ಯ ಕನ್ನಡದಲ್ಲಿದೆ. ನಮ್ಮಲ್ಲಿಯೂ ಪ್ರೌಢಶಾಲಾ ಶಿಕ್ಷಕರು ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಉಬುಂಟು, ಜಿಯೋಜೀಬ್ರಾಗಳನ್ನು ಕಲಿತರು.

ಕಾಲೇಜುಗಳಿಗೆ ನಿಜವಾದ ಆಸರೆಯೊದಗಿಸಿದ್ದು ಮುಂಬಯಿ ಐ.ಐ.ಟಿ.ಯ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯರ ‘ಸ್ಪೋಕನ್ ಟ್ಯುಟೋರಿಯಲ್’. ಸುಮಾರು ಹತ್ತು ನಿಮಿಷದ ದೃಶ್ಯಪಾಠಗಳು. ಲಿನಕ್ಸ್, ಲಿಬ್ರೆಆಫೀಸ್, ಪೈಥಾನ್ ಮೊದಲಾದವು. ಪರದೆಯ ಒಂದು ಬದಿಯಲ್ಲಿ ಪಾಠ ನೋಡುತ್ತ ಇನ್ನೊಂದು ಬದಿಯಲ್ಲಿ ತಾನೇ ಮಾಡಿ ಕಲಿಯಬೇಕು. ಪರದೆಯ ಮೇಲಿನದು ಇಂಗ್ಲಿಷ್ ಆದರೂ ಕಿವಿಗೆ ಕೇಳುವುದು ಕನ್ನಡ. ಪರಿಣತ ಬೋಧಕರು ಸಿಗದ ತಾಲ್ಲೂಕು ಕಾಲೇಜಿಗೆ ಇದಕ್ಕಿಂತ ಹೊಂದುವ ವಿಧಾನವನ್ನು ನಾನು ಕಂಡಿಲ್ಲ. 2015ರಲ್ಲಿ ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗೆ ಮುಕ್ತ ತಂತ್ರಾಂಶದ ನೀತಿಯನ್ನು ಪ್ರಕಟಿಸಿತು. ನೀತಿಗಿಂತ ಆ ಹತ್ತು ನಿಮಿಷದ ಪಾಠವೇ ನಮ್ಮ ಮಕ್ಕಳಿಗೆ ಹೆಚ್ಚು ಉಪಯುಕ್ತವೆಂದು ನನ್ನ ಎಣಿಕೆ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆಯಾದಾಗ ಅದು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ. ಪಕ್ಕದ ಹಳ್ಳಿಗಳಲ್ಲಿ ಬಹುಕಾಲ ಬುಡ್ಡಿದೀಪವೇ ಇತ್ತು. ನಮ್ಮ ಎಂಜಿನಿಯರುಗಳೂ ಹಾಗೆಯೇ ಬೆಂಗಳೂರಿಗೆ ಹರಿದುಹೋದರು, ತಪ್ಪೆನ್ನಲಾರೆ. ಊರಿನಲ್ಲಿ ಉಳಿಯುವ ಬಿ.ಕಾಂ. ಹುಡುಗಿ ಹಾಲಿನ ಡೈರಿಯ ಲೆಕ್ಕವನ್ನು ಪರವಾನಗಿಯ ಭಯವಿಲ್ಲದೆ ಲಿಬ್ರೆಆಫೀಸ್‌ನಲ್ಲಿ ಬರೆಯುವುದಾದರೆ ಬುಡ್ಡಿದೀಪದ ಕಾಲ ಅಷ್ಟರಮಟ್ಟಿಗೆ ಮುಗಿಯಿತು.

ಮಳವಳ್ಳಿ ಕಡೆಯ ಕಾಲೇಜೊಂದರಲ್ಲಿ ಪಾಠ ಹೇಳುವ ನನ್ನ ಶಿಷ್ಯೆ ಮೊನ್ನೆ ದೂರವಾಣಿಯಲ್ಲಿ ಕೇಳಿದಳು: “ಮೇಷ್ಟ್ರೇ, ಫೋಲ್ಡರಿಗೆ ‘ಕಡತಕೋಶ’ ಅಂತ ಇದೆ. ನಮ್ಮ ಹುಡುಗರು ತಾಲ್ಲೂಕು ಕಚೇರಿಯವರ ಹಾಗೆ ‘ಕಟ್ಟು’ ಅಂತಾರೆ. ಮುಕ್ತ ತಂತ್ರಾಂಶ ತಾನೆ, ಬದಲಾಯಿಸಬಹುದಲ್ಲವೇ?” ಬದಲಾಯಿಸು ತಾಯಿ, ಎಂದೆ. ಇದಕ್ಕಿಂತ ಒಳ್ಳೆಯ ಪದ ನಿಮಗೆ ಹೊಳೆದರೆ ತಿಳಿಸಿ, ಅವಳಿಗೆ ಮುಟ್ಟಿಸುತ್ತೇನೆ.